ನರ್ಸಿಂಗ್ ವಿದ್ಯಾರ್ಥಿಗಳು ಸೂಕ್ಷ್ಮಜೀವಿಶಾಸ್ತ್ರವನ್ನು ಓದುವ ಬಗೆ

ಬಿ.ಎಸ್ಸಿ. ನರ್ಸಿಂಗ್‌ನ ಈಗಿನ ಪಠ್ಯಕ್ರಮದಲ್ಲಿ ಸೂಕ್ಷ್ಮಜೀವಿಶಾಸ್ತ್ರವು ಸೋಂಕು ನಿಯಂತ್ರಣದೊಂದಿಗೆ ಸೇರಿ ಒಂದೇ ವಿಷಯವಾಗಿ ಮೂರನೆಯ ಸೆಮಿಸ್ಟರಿನಲ್ಲಿ ಬರುತ್ತದೆ. ಮೆಡಿಕಲ್ ಮತ್ತು ಸರ್ಜಿಕಲ್ ವಾರ್ಡುಗಳ ಪೋಸ್ಟಿಂಗ್ ನಡೆಯುವುದೂ ಅದೇ ಅವಧಿಯಲ್ಲಿ. ಈ ಎರಡನ್ನೂ ಬೇರೆಬೇರೆಯಾಗಿ ನೋಡುವವರಿಗೆ ಸೂಕ್ಷ್ಮಜೀವಿಶಾಸ್ತ್ರವೆಂದರೆ ಬಾಯಿಪಾಠ ಮಾಡಬೇಕಾದ ಲ್ಯಾಟಿನ್ ಹೆಸರುಗಳ ರಾಶಿ. ವಾರ್ಡಿನಿಂದ ಪುಸ್ತಕದ ಕಡೆಗೆ ಓದಿಕೊಂಡು ಹೋದರೆ ವಿಷಯ ತಾನಾಗಿ ಹಗುರವಾಗುತ್ತದೆ ಎಂಬುದು ನನ್ನ ಅನುಭವ.

ಪ್ರತಿಯೊಂದು ಬ್ಯಾಕ್ಟೀರಿಯಾಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ಮೀಸಲಿಡಿ. ಅದು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತದೆ, ಅಲ್ಲಿಂದ ರೋಗಿಯ ದೇಹಕ್ಕೆ ಯಾವ ದಾರಿಯಲ್ಲಿ ಬರುತ್ತದೆ, ಪತ್ತೆಗೆ ಯಾವ ಮಾದರಿ ಬೇಕು, ಯಾವುದರಿಂದ ಸಾಯುತ್ತದೆ ಎಂಬುದನ್ನು ಮೊದಲು ಬರೆದು, ಆಕಾರ ಮತ್ತು ಬಣ್ಣವನ್ನು ಆಮೇಲೆ ಸೇರಿಸಿ. ಕರುಳಿನಲ್ಲಿ ನಿರುಪದ್ರವಿಯಾಗಿರುವ ಈ. ಕೋಲೈ ಕ್ಯಾಥೆಟರಿನ ಮೂಲಕ ಮೂತ್ರಕೋಶ ಸೇರಿದಾಗ ಜ್ವರ ತರುತ್ತದೆ. ಆರೋಗ್ಯವಂತರ ಮೂಗಿನಲ್ಲಿಯೂ ಇರಬಲ್ಲ ಸ್ಟ್ಯಾಫಿಲೊಕಾಕಸ್ ಆರಿಯಸ್ ಶುಶ್ರೂಷಕರ ಕೈಗಳ ಮೂಲಕ ಶಸ್ತ್ರಚಿಕಿತ್ಸೆಯ ಗಾಯಕ್ಕೆ ಸಾಗುತ್ತದೆ. ಈ ದಾರಿ ಮನಸ್ಸಿನಲ್ಲಿ ನಿಂತರೆ ಕೈ ತೊಳೆಯುವ ಐದು ಸಂದರ್ಭಗಳನ್ನು ಪ್ರತ್ಯೇಕವಾಗಿ ಉರುಹೊಡೆಯಬೇಕಾಗುವುದಿಲ್ಲ.

ಪ್ರಯೋಗಾಲಯದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಗ್ರಾಂ ಸ್ಟೇನಿಂಗ್‌ಗೆ, ಅಂದರೆ ಬ್ಯಾಕ್ಟೀರಿಯಾಗಳಿಗೆ ಬಣ್ಣ ಹಾಕಿ ಎರಡು ಗುಂಪುಗಳಾಗಿ ಗುರುತಿಸುವ ವಿಧಾನಕ್ಕೆ. ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಪ್ರಕಟಿಸಿದ ಈ ವಿಧಾನದ ಮೂಲಸೂತ್ರ ಇಂದಿಗೂ ಅದೇ ಆಗಿದೆ. ಗಾಳಿಯಲ್ಲಿ ಒಣಗಿಸಿ, ಜ್ವಾಲೆಯ ಮೇಲೆ ಹಾಯಿಸಿ ಸ್ಥಿರಗೊಳಿಸಿದ ಸ್ಮಿಯರಿನ (ಸ್ಲೈಡಿನ ಮೇಲೆ ತೆಳುವಾಗಿ ಹರಡಿದ ಮಾದರಿಯ) ಮೇಲೆ ಒಂದು ನಿಮಿಷ ಕ್ರಿಸ್ಟಲ್ ವಯಲೆಟ್ ಎಂಬ ನೇರಳೆ ಬಣ್ಣ, ತೊಳೆದ ಬಳಿಕ ಒಂದು ನಿಮಿಷ ಗ್ರಾಂ ಅಯೋಡಿನ್, ಅನಂತರ ಕೆಲವೇ ಸೆಕೆಂಡುಗಳ ಕಾಲ ಆಲ್ಕೋಹಾಲ್ ಅಥವಾ ಅಸಿಟೋನ್, ಕೊನೆಗೆ ಸ್ಯಾಫ್ರನಿನ್ ಎಂಬ ಕೆಂಪು ಬಣ್ಣ. ಕೋಶಭಿತ್ತಿಯಲ್ಲಿ ಪೆಪ್ಟಿಡೋಗ್ಲೈಕಾನಿನ ದಪ್ಪ ಪದರವಿರುವ ಬ್ಯಾಕ್ಟೀರಿಯಾಗಳು ನೇರಳೆ ಬಣ್ಣವನ್ನು ಬಿಡದೆ ಗ್ರಾಂ ಪಾಸಿಟಿವ್ ಎನಿಸಿಕೊಳ್ಳುತ್ತವೆ. ತೆಳು ಪದರದವು ಬಣ್ಣ ಕಳೆದುಕೊಂಡು ಸ್ಯಾಫ್ರನಿನ್‌ನಿಂದ ಗುಲಾಬಿಯಾಗುತ್ತವೆ. ಫಲಿತಾಂಶ ಕೆಡುವುದು ಹೆಚ್ಚಾಗಿ ಮೂರನೆಯ ಹಂತದಲ್ಲಿ: ಆಲ್ಕೋಹಾಲ್ ಹೆಚ್ಚು ಹೊತ್ತು ನಿಂತರೆ ಪಾಸಿಟಿವ್ ಆದದ್ದೂ ನೆಗೆಟಿವ್ ಆಗಿ ತೋರುತ್ತದೆ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಪರೀಕ್ಷಕರು ಕೇಳುವುದೂ ಬಹುಮಟ್ಟಿಗೆ ಇದನ್ನೇ. ಸ್ಲೈಡನ್ನು 100ಎಕ್ಸ್ ಮಸೂರದಲ್ಲಿ ನೋಡುವ ಮೊದಲು ಒಂದು ಹನಿ ಇಮ್ಮರ್ಶನ್ ಎಣ್ಣೆ ಹಾಕಿ, ನೋಡಿದ ಮೇಲೆ ಮಸೂರವನ್ನು ಒರೆಸಿಡಿ.

ಆದರೂ ಸ್ಲೈಡಿಗೆ ಬಣ್ಣ ಹಾಕುವ ಕೆಲಸ ಮುಂದೆ ಲ್ಯಾಬ್ ಟೆಕ್ನೀಷಿಯನ್‌ರದು. ನಮ್ಮ ಪಾಲಿಗೆ ಬರುವುದು ಮಾದರಿ ಸಂಗ್ರಹ. ಅನೇಕ ವಿದ್ಯಾರ್ಥಿಗಳು ಈ ಅಧ್ಯಾಯವನ್ನು ಸುಲಭವೆಂದು ಬಿಟ್ಟುಬಿಡುತ್ತಾರೆ. ಇಲ್ಲಿನ ಪ್ರತಿ ನಿಯಮಕ್ಕೂ ಒಂದು ಕಾರಣವಿದ್ದು, ಕಾರಣ ತಿಳಿದರೆ ನಿಯಮ ಮರೆಯದು. ಅನುಕೂಲಕರ ಪರಿಸರದಲ್ಲಿ ಈ. ಕೋಲೈ ಸುಮಾರು 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುವುದರಿಂದ ಒಂದು ಕೋಶ ಎರಡು ಗಂಟೆಯಲ್ಲಿ 64 ಆಗಬಲ್ಲದು. ಮೂತ್ರದ ಕಲ್ಚರಿನಲ್ಲಿ (ಮಾದರಿಯಲ್ಲಿರುವ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ನೋಡುವ ಪರೀಕ್ಷೆಯಲ್ಲಿ) ಮಿಲಿಲೀಟರಿಗೆ 1 ಲಕ್ಷ ಬ್ಯಾಕ್ಟೀರಿಯಾ ಎಂಬ ಎಣಿಕೆಯನ್ನು ಸೋಂಕಿನ ಸೂಚನೆಯಾಗಿ ಪರಿಗಣಿಸುವಾಗ, ವಾರ್ಡಿನ ಮೇಜಿನ ಮೇಲೆ ಮರೆತುಹೋದ ಬಾಟಲಿ ಸುಳ್ಳು ಹೇಳುತ್ತದೆ. ಆದ್ದರಿಂದ ತಡವಾಗುವುದಾದರೆ ಮೂತ್ರವನ್ನು ಫ್ರಿಜ್ಜಿನಲ್ಲಿಡಬೇಕು. ಬೆನ್ನುಹುರಿಯ ದ್ರವಕ್ಕೆ ಇದು ಅನ್ವಯಿಸದು. ಮೆನಿಂಜೈಟಿಸ್ (ಮಿದುಳಿನ ಹೊದಿಕೆಯ ಉರಿಯೂತ) ತರುವ ಕೆಲವು ಬ್ಯಾಕ್ಟೀರಿಯಾಗಳು ತಂಪಿನಲ್ಲಿ ಸಾಯುವುದರಿಂದ ಅದನ್ನು ಕಲ್ಚರಿಗೆ ತಕ್ಷಣ ಕಳುಹಿಸಬೇಕು. ರಕ್ತದ ಕಲ್ಚರನ್ನು ಸಾಧ್ಯವಾದಷ್ಟೂ ಆ್ಯಂಟಿಬಯಾಟಿಕ್‌ನ ಮೊದಲ ಡೋಸಿಗೆ ಮುಂಚೆಯೇ ತೆಗೆಯಬೇಕು.

ಕ್ರಿಮಿನಾಶನದ ಅಂಕಿಗಳನ್ನೂ ಕಾರಣದೊಂದಿಗೆ ಕಲಿಯಿರಿ. ಆಟೋಕ್ಲೇವ್ ಎಂದರೆ ಮನೆಯ ಕುಕ್ಕರಿನ ಹಿರಿಯಣ್ಣ: ಚದರ ಇಂಚಿಗೆ 15 ಪೌಂಡ್ ಒತ್ತಡದಲ್ಲಿ ಹಬೆಯ ಉಷ್ಣತೆ 121 ಡಿಗ್ರಿ ಸೆಲ್ಸಿಯಸ್‌ಗೆ ಏರಿ, 15 ನಿಮಿಷಗಳಲ್ಲಿ ಬೀಜಕಗಳನ್ನೂ (ಕೆಲವು ಬ್ಯಾಕ್ಟೀರಿಯಾಗಳು ತಾಳುವ ಗಟ್ಟಿಯಾದ, ಸುಪ್ತ ರೂಪಗಳನ್ನೂ) ಕೊಲ್ಲುತ್ತದೆ. ಹಬೆಯಿಲ್ಲದ ಹಾಟ್ ಏರ್ ಓವನ್ನಿಗೆ 160 ಡಿಗ್ರಿಯಲ್ಲಿ ಎರಡು ಗಂಟೆ ಬೇಕು, ಏಕೆಂದರೆ ಒಣಶಾಖವು ತೇವಶಾಖದಷ್ಟು ಬೇಗ ಪ್ರೋಟೀನುಗಳನ್ನು ಹೆಪ್ಪುಗಟ್ಟಿಸಲಾರದು. ಬೀಜಕಗಳ ವಿಷಯ ಬಂದಾಗ ಇನ್ನೊಂದನ್ನು ಜೊತೆಗೆ ಬರೆದುಕೊಳ್ಳಿ: ಆಲ್ಕೋಹಾಲಿನ ಹ್ಯಾಂಡ್‌ರಬ್ ಭೇದಿ ತರುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳನ್ನು ಕೊಲ್ಲದ ಕಾರಣ, ಅಂಥ ರೋಗಿಯನ್ನು ಮುಟ್ಟಿದ ಬಳಿಕ ಸೋಪು ಮತ್ತು ನೀರೇ ಬೇಕು.

ವೈರಸ್‌ಗಳನ್ನು ಓದುವಾಗ ನಮ್ಮ ನೆಲದ ಉದಾಹರಣೆಯಿಂದ ಆರಂಭಿಸುವುದು ಒಳ್ಳೆಯದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯಲ್ಲಿ ವೈರಸ್, ಉಣ್ಣಿ, ಮಂಗ, ಕಾಡಿಗೆ ಹೋಗುವ ಮನುಷ್ಯ ಎಲ್ಲರೂ ಒಂದೇ ಚಿತ್ರದೊಳಗೆ ಬರುತ್ತಾರೆ. ಮಧ್ಯವರ್ತಿ ಕೀಟಗಳಿಂದ ಹರಡುವ ರೋಗಗಳ ಅಧ್ಯಾಯಕ್ಕೆ ಇದಕ್ಕಿಂತ ಉತ್ತಮ ಪ್ರವೇಶ ನನಗೆ ತಿಳಿಯದು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ವಿವರಣೆಯನ್ನು ಮೊದಲು ಕನ್ನಡದಲ್ಲಿ ಬರೆದು ಅರ್ಥಮಾಡಿಕೊಂಡು, ಆಮೇಲೆ ಇಂಗ್ಲಿಷಿನ ಚಿಕ್ಕ ವಾಕ್ಯಗಳಲ್ಲಿ ಉತ್ತರ ಸಿದ್ಧಪಡಿಸಬಹುದು. ಜೀವಿಗಳ ಹೆಸರನ್ನು ಮಾತ್ರ ಆರಂಭದಿಂದಲೇ ಇಂಗ್ಲಿಷಿನಲ್ಲಿ, ಕುಲನಾಮದ ಮೊದಲ ಅಕ್ಷರವನ್ನು ದೊಡ್ಡದಾಗಿಯೂ ಪ್ರಭೇದನಾಮವನ್ನು ಪೂರ್ತಿ ಚಿಕ್ಕಕ್ಷರಗಳಲ್ಲಿಯೂ ಬರೆದು, ಎರಡರ ಕೆಳಗೂ ಗೆರೆ ಎಳೆಯುವುದನ್ನು ಕೈಗೆ ರೂಢಿಮಾಡಿಸಿ.