ಹೆಸರು ನೋಡಬೇಡಿ, ಕೋಡ್ ನೋಡಿ: ಡಿಗ್ರಿ ಫಾರ್ಮ್ ತುಂಬುವ ಕ್ರಮ

ಜೂನ್ ಬಂತೆಂದರೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಯ ಜಗಲಿ ಅರ್ಧ ಕಾಲೇಜು ಕಚೇರಿಯಾಗುತ್ತದೆ. ಕಳೆದ ಸಲ ಮಗಳ ಜೊತೆ ಬಂದ ಒಬ್ಬರು ಫಾರ್ಮ್ ಮೇಲೆ ಬೆರಳಿಟ್ಟು ಕೇಳಿದರು: "ಟೀಚರ್, ಇವಳಿಗೆ ಹದಿನೆಂಟು ತುಂಬಿತಲ್ಲ, ಮತ್ತೆ ಮೈನರ್ ಎಂದು ಯಾಕೆ ಬರೆಯುವುದು?" ನಗು ಬಂತು, ಆದರೆ ತಪ್ಪು ಅವರದಲ್ಲ. ಇಲ್ಲಿ ಮೈನರ್ ಎಂದರೆ ವಯಸ್ಸಲ್ಲ; ಮೇಜರ್ ಎಂಬ ಮುಖ್ಯ ವಿಷಯದ ಜೊತೆಗೆ ಓದುವ ಉಪವಿಷಯ. 2024ರ ಜುಲೈ 1ರಂದು ಕೇರಳದಲ್ಲಿ ನಾಲ್ಕು ವರ್ಷದ ಪದವಿ ಶುರುವಾದಾಗ ಇಂಥ ಹತ್ತಾರು ಹೊಸ ಪದಗಳು ಒಟ್ಟಿಗೇ ಬಂದು ಬಿದ್ದವು. ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದ ನಮ್ಮ ಕಾಲೇಜುಗಳ ಮಕ್ಕಳು ಮೇಜರ್, ಮೈನರ್‌ಗಳನ್ನು ಹೇಗೋ ಆರಿಸಿಕೊಳ್ಳುತ್ತಾರೆ. ಎಡವುವುದು ಎಲ್ಲರಿಗೂ ಕಡ್ಡಾಯವಾದ ಸಾಮಾನ್ಯ ಕೋರ್ಸ್‌ಗಳಲ್ಲಿ.

ಪೋರ್ಟಲ್ ತೆರೆಯುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಮೊಬೈಲಿನಲ್ಲಿ ಬೇಡ, ಕಾಗದದಲ್ಲೇ ಆಗಬೇಕು. ನಾಲ್ಕು ಅಂಕಣ ಎಳೆಯಿರಿ: ಎಇಸಿ, ಎಂಡಿಸಿ, ವಿಎಸಿ, ಎಸ್‌ಇಸಿ. ಎಇಸಿ ಎಂದರೆ ಭಾಷೆ; ಮೊದಲ ಎರಡು ಸೆಮಿಸ್ಟರ್‌ಗಳಲ್ಲಿ ಎರಡೆರಡು, ಒಟ್ಟು ನಾಲ್ಕು. ಎಂಡಿಸಿ ಎಂದರೆ ನಿಮ್ಮ ವಿಷಯದಿಂದ ಹೊರಗಿನದು. ಮೊದಲ ಮೂರು ಸೆಮಿಸ್ಟರ್‌ಗಳಲ್ಲಿ ಒಂದೊಂದು. ವಿಎಸಿ ಮೌಲ್ಯವರ್ಧಿತ ಕೋರ್ಸ್. ಮೂರನೆಯದರಲ್ಲಿ ಒಂದು, ನಾಲ್ಕನೆಯದರಲ್ಲಿ ಎರಡು. ಎಸ್‌ಇಸಿ ಕೌಶಲದ್ದು, ನಾಲ್ಕರಿಂದ ಆರರವರೆಗೆ ಒಂದೊಂದು. ಕ್ರೆಡಿಟ್ ಎಂದರೆ ಕೋರ್ಸಿನ ತೂಕ ಅಳೆಯುವ ಲೆಕ್ಕ. ಹೀಗೆ ಹದಿಮೂರು ಕೋರ್ಸ್, ತಲಾ 3 ಕ್ರೆಡಿಟ್, ಒಟ್ಟು 39. ಮೇಜರ್‌ಗೆ 68, ಮೈನರ್‌ಗೆ 24, ಇಂಟರ್ನ್‌ಶಿಪ್‌ಗೆ 2 ಸೇರಿದರೆ 133. ಮೂರು ವರ್ಷಕ್ಕೆ ಪದವಿ ಪಡೆದು ಹೊರಬರಲು ಬೇಕಾದದ್ದು ಇಷ್ಟು. ನಾಲ್ಕನೇ ವರ್ಷವನ್ನೂ ಓದಿ ಆನರ್ಸ್ ಪಡೆಯುವವರಿಗೆ 177.

ಮೊದಲು ಭಾಷೆಯದನ್ನು ಮುಗಿಸಿ. ಒಂದು ಇಂಗ್ಲಿಷ್, ಇನ್ನೊಂದು ನಿಮ್ಮ ಆಯ್ಕೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಕನ್ನಡವನ್ನೇ ಹಾಕಿ, ಎರಡನೇ ಯೋಚನೆ ಬೇಡ. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಕನ್ನಡ ವಿಭಾಗವೇ ಇದೆ. ಬೇರೆ ಕಡೆ ಸೇರುವವರು ಕನ್ನಡ ಸಿಗುತ್ತದೆಯೇ ಎಂದು ಆಪ್ಷನ್ ಕೊಡುವ ಮೊದಲು ಕೇಳಬೇಕು, ಸೀಟು ಸಿಕ್ಕಿದ ಮೇಲಲ್ಲ.

ಇನ್ನು ನಿಜವಾದ ಗಂಟು. ಪಟ್ಟಿಯಲ್ಲಿ ಕೋರ್ಸಿನ ಹೆಸರು ದಪ್ಪಕ್ಷರದಲ್ಲಿರುತ್ತದೆ, ಅದರ ಪಕ್ಕದಲ್ಲಿ ಇರುವೆ ಸಾಲಿನಂತೆ ಇಂಗ್ಲಿಷ್ ಅಕ್ಷರ, ಅಂಕಿಗಳ ಒಂದು ಕೋಡ್. ಎಲ್ಲರೂ ಹೆಸರು ಓದಿ ಟಿಕ್ ಹಾಕುತ್ತಾರೆ. ನೋಡಬೇಕಾದ್ದು ಕೋಡನ್ನು. ಕೆಯು, 1, ಎಂಡಿಸಿ, ಪಿಎಚ್‌ವೈ, 101 ಎಂಬಂಥದೊಂದು ಕೋಡ್ ಎದುರಿಗಿದೆ ಎಂದುಕೊಳ್ಳಿ. ಎಲ್ಲ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಪೆನ್ಸಿಲಿನಿಂದ ಗೆರೆ ಹಾಕಿ ಬಿಡಿಸಿ. ಕೆಯು ಎಂದರೆ ಕಣ್ಣೂರು ವಿಶ್ವವಿದ್ಯಾಲಯ. ಆಮೇಲಿನ ಅಂಕಿ ಸೆಮಿಸ್ಟರ್. ಮುಂದಿನ ಮೂರು ಅಕ್ಷರಗಳೇ ಜೀವಾಳ: ಈ ಕೋರ್ಸಿನ ಕ್ರೆಡಿಟ್ ನಿಮ್ಮ ಹಾಳೆಯ ಯಾವ ಅಂಕಣಕ್ಕೆ ಬೀಳುತ್ತದೆ ಎಂದು ಹೇಳುವುದು ಅವೇ. ನಂತರದ್ದು ವಿಷಯ, ಇಲ್ಲಿ ಭೌತಶಾಸ್ತ್ರ. ಕೊನೆಯ ಸಂಖ್ಯೆ ಮಟ್ಟ. ನೂರರ ಸಾಲು ಪ್ರವೇಶಿಕೆ, ಇನ್ನೂರರದು ಅದಕ್ಕಿಂತ ಒಂದು ಮೆಟ್ಟಿಲು ಮೇಲೆ, ಹೀಗೆ ನಾನೂರರ ಸಾಲಿನವರೆಗೆ.

ಅದೇ ವಿಭಾಗ ಅದೇ ಸೆಮಿಸ್ಟರ್‌ನಲ್ಲಿ ಡಿಎಸ್‌ಸಿ ಎಂಬ ಅಕ್ಷರವಿರುವ ಕೋರ್ಸನ್ನೂ ಕೊಡುತ್ತದೆ. ಹೆಸರುಗಳು ಅಕ್ಕತಂಗಿಯರ ಹಾಗಿರಬಹುದು, ಆದರೆ ಡಿಎಸ್‌ಸಿ ಮೇಜರ್ ಮೈನರ್‌ಗಳ ಲೆಕ್ಕಕ್ಕೆ ಸೇರಿದ್ದು, 4 ಕ್ರೆಡಿಟಿನದು. ಅದನ್ನು ಓದಿ ಎಂಡಿಸಿ ಆಯಿತು ಎಂದುಕೊಂಡರೆ ಎಂಡಿಸಿ ಅಂಕಣ ಖಾಲಿಯೇ ಉಳಿಯುತ್ತದೆ. ಒಂದು ಅಂಕಣದ ಹೆಚ್ಚುವರಿ ಇನ್ನೊಂದರ ಕೊರತೆಯನ್ನು ತುಂಬುವುದಿಲ್ಲ.

ಕೋಡ್ ಸರಿ ಇದ್ದರೂ ಮುಗಿಯಲಿಲ್ಲ. ಎಂಡಿಸಿ ನಿಮ್ಮ ಮೇಜರ್, ಮೈನರ್ ವಿಷಯದ್ದಾಗಿರಬಾರದು. ಹನ್ನೆರಡನೆಯ ತರಗತಿಯಲ್ಲಿ ಓದಿದ್ದನ್ನೇ ಈ ವರ್ಗದಲ್ಲಿ ಮತ್ತೆ ಓದುವಂತಿಲ್ಲ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಚೌಕಟ್ಟಿನಲ್ಲೇ ಇದೆ. ಪ್ಲಸ್ ಟು ಕಾಮರ್ಸ್ ಮುಗಿಸಿದ ಒಬ್ಬ ಹುಡುಗ ಲೆಕ್ಕಪತ್ರದ್ದೇ ಒಂದು ಎಂಡಿಸಿಯನ್ನು ಮೊದಲ ಆಯ್ಕೆಯಾಗಿ ಬರೆದುಕೊಂಡು ಬಂದಿದ್ದ. "ಗೊತ್ತಿರುವುದಲ್ಲವಾ ಟೀಚರ್, ಮಾರ್ಕು ಗ್ಯಾರಂಟಿ" ಎಂದ. ಎರಡನೆಯ ಆಯ್ಕೆ ಬರೆದೇ ಇರಲಿಲ್ಲ. ಜಗಲಿಯಲ್ಲೇ ಕೂರಿಸಿ ಪಟ್ಟಿಯಿಂದ ಐದು ಹೆಸರು ಕ್ರಮವಾಗಿ ಬರೆಸಿದೆ. ನೀವೂ ಐದಕ್ಕಿಂತ ಕಡಿಮೆ ಬರೆಯಬೇಡಿ. ಒಳ್ಳೆಯ ಎಂಡಿಸಿಗೆ ನೂಕುನುಗ್ಗಲು ಇದ್ದದ್ದೇ, ಒಂದೇ ಹೆಸರು ಬರೆದವರಿಗೆ ಕೊನೆಗೆ ಉಳಿದದ್ದು ಸಿಗುತ್ತದೆ. ವಿಜ್ಞಾನದವರು ಇತಿಹಾಸವನ್ನೋ ಸಾಹಿತ್ಯವನ್ನೋ, ಕಲಾ ವಿಭಾಗದವರು ಗಿಡಮರದ್ದನ್ನೋ ಕಂಪ್ಯೂಟರಿನದ್ದನ್ನೋ ಹಾಕಲಿ ಎಂಬುದು ನನ್ನ ಹಠ. ಗೆಳತಿಯ ಜೊತೆ ಕೂರಬಹುದೆಂದು ಆರಿಸುವವರಿಗೆ ನಾನು ಚಹಾ ಕೊಡುವುದಿಲ್ಲ.

ಇಲ್ಲೇ ಎರಡು ಅಡ್ಡದಾರಿಗಳ ಮಾತು ಹೇಳಿಬಿಡುತ್ತೇನೆ. ಒಂದು, ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ "ಸುಲಭ ಕೋರ್ಸ್‌ಗಳ ಪಟ್ಟಿ". ಯಾವ ಕಾಲೇಜಿನದು, ಯಾವ ವರ್ಷದ್ದು ಎಂದು ಅದರಲ್ಲಿ ಇರುವುದಿಲ್ಲ. ಇನ್ನೊಂದು, ಮಂಗಳೂರಿನ ಚಿಕ್ಕಮ್ಮನ ಮಗನ ಸಲಹೆ. ಗಡಿಯ ತಲಪಾಡಿ ದಾಟಿದರೆ ನಿಯಮವೇ ಬೇರೆ. ಕರ್ನಾಟಕ 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಅವನು ಹೇಳುವುದು ಅವನಿಗೆ ಸರಿ, ನಿಮಗಲ್ಲ. ಅಂಗಡಿಯಲ್ಲಿ ಫಾರ್ಮ್ ತುಂಬಿಸುವವರಿಗೂ ಒಂದು ಮಾತು: ಪಕ್ಕದಲ್ಲೇ ನಿಂತು ಪರದೆ ನೋಡಿ. ಹಿಂದಿನವರ ಆಯ್ಕೆಯನ್ನೇ ನಿಮಗೂ ಒತ್ತಿ ಕಳುಹಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ವಿಎಸಿ, ಎಸ್‌ಇಸಿಗಳಿಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಹಾಳೆಯಲ್ಲಿ ಜಾಗ ಖಾಲಿ ಇಡಿ, ಎರಡನೇ ವರ್ಷದಲ್ಲಿ ಕೋಡ್ ಬಿಡಿಸುವ ಇದೇ ವಿದ್ಯೆ ಸಾಕು.

ಕ್ರೆಡಿಟ್ ಬ್ಯಾಂಕಿನ ಖಾತೆಯನ್ನು ಮಾತ್ರ ಈಗಲೇ ನೋಡಿ. ಗಳಿಸಿದ ಕ್ರೆಡಿಟ್‌ಗಳು ಜಮೆಯಾಗುವುದು ಅಲ್ಲಿ, ಗುರುತಿನ ಸಂಖ್ಯೆ ಹನ್ನೆರಡು ಅಂಕಿಯದು. ಎಲ್ಲ ದಾಖಲೆಗಳಲ್ಲೂ ಹೆಸರು ಒಂದೇ ರೀತಿ ಇರಬೇಕು. ನಮ್ಮ ಕಡೆಯ ಕಾಟ ಇನಿಷಿಯಲ್‌ನದು: ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಸುಮಿತ್ರಾ ಕೆ., ಆಧಾರ್‌ನಲ್ಲಿ ಕೆ. ಸುಮಿತ್ರಾ, ಇನ್ನೊಂದರಲ್ಲಿ ಮನೆತನದ ಹೆಸರು ಪೂರ್ತಿ. ಹೊಂದದಿದ್ದರೆ ಆಧಾರ್ ತಿದ್ದಿಸಿ. ಎಸ್‌ಎಸ್‌ಎಲ್‌ಸಿಯದನ್ನು ಮುಟ್ಟಲು ಹೋಗಬೇಡಿ, ಅದು ಉದ್ದದ ದಾರಿ.

ಕೊನೆಗೆ ಒಪ್ಪಿಗೆಯ ಗುಂಡಿ ಒತ್ತುವ ಮೊದಲು ಪರದೆಯ ಕೋಡನ್ನೂ ಹಾಳೆಯ ಕೋಡನ್ನೂ ಇಬ್ಬರು ಸೇರಿ ತಾಳೆ ನೋಡಿ, ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಟಿಕ್ ಹಾಕಲಿ. ಪ್ರಿಂಟ್ ಎರಡು ಪ್ರತಿ ತೆಗೆಯಿರಿ. ಮಳೆಗಾಲ, ಪ್ಲಾಸ್ಟಿಕ್ ಫೈಲಿನಲ್ಲಿಡಿ.