ಕೆರೆ ಕೋಡಿ ಹೋಗೋ ಮಳೇಲಿ ಏರಿ ಕಾಯೋದು ಹೆಂಗೆ

ನಮ್ಮ ಬಯಲುಸೀಮೆ ಕೆರೆಗಳು ಹಿಂಗೇನೆ, ವರ್ಷಗಟ್ಲೆ ಹುಡುಗ್ರು ಅದ್ರೊಳಗೆ ಕ್ರಿಕೆಟ್ ಆಡ್ತಿರ್ತಾರೆ, ಆಮೇಲೆ ಒಂದೇ ವಾರದ ಮಳೇಗೆ ತುಂಬಿ ಕೋಡಿ ಹೋಗ್ಬಿಡುತ್ತೆ, ಅಂದ್ರೆ ಹೆಚ್ಚಾದ ನೀರು ಕೋಡಿ ದಾಟಿ ಹೊರಗೆ ಹರಿಯುತ್ತೆ. 2021ರ ನವೆಂಬರ್‌ನಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಕಡೆ ಆಗಿದ್ದು ಅದೇ. ತುಂಬಿದ ಖುಷೀಲಿ ಬಾಗಿನ ಬಿಡೋಕೆ ಊರೆಲ್ಲ ಬರುತ್ತೆ, ಆದ್ರೆ ರಾತ್ರಿ ಏರಿ (ಕೆರೆ ಕಟ್ಟೆ) ಮೇಲೆ ಟಾರ್ಚ್ ಹಿಡ್ಕೊಂಡು ಓಡಾಡೋಕೆ ಯಾರೂ ಇರಲ್ಲ, ಕೆರೆ ಕಾಯ್ದು ಗದ್ದೆಗೆ ನೀರು ಬಿಡೋ ನೀರುಗಂಟಿ ಕೆಲಸ ಗೊತ್ತಿರೋರಂತೂ ಈಗ ಊರಿಗೆ ಒಬ್ರಿದ್ರೆ ಹೆಚ್ಚು.

ಮೊದಲು ಕೋಡಿ. ಮಳೆ ಜೋರಾಗೋಕೆ ಮುಂಚೇನೇ, ಅಂದ್ರೆ ಹುಬ್ಬೆ ಉತ್ತರೆ ಮಳೆ ನಕ್ಷತ್ರದ ಹೊತ್ತಿಗೇ (ಸೆಪ್ಟೆಂಬರ್), ಕೋಡಿ ಮುಂದೆ ಬೆಳೆದಿರೋ ಜಾಲಿ, ಜೊಂಡು, ಯಾರೋ ಸುರಿದ ಕಟ್ಟಡದ ಮಣ್ಣು ಎಲ್ಲ ತೆಗೆಸ್ಬಿಡಿ, ಕೋಡಿ ದಾಟಿ ಮುಂದಕ್ಕೆ ಹೋಗೋ ಹಳ್ಳಾನೂ ಒಂದಷ್ಟು ದೂರ ನೋಡಿ, ಅಲ್ಲಿ ಯಾರಾದ್ರೂ ಬದು ಹಾಕಿ ಒತ್ತುವರಿ ಮಾಡಿದ್ರೆ ನೀರು ವಾಪಸ್ ನಿಲ್ಲುತ್ತೆ. ಇನ್ನೊಂದು ಹುಚ್ಚುತನ ಇದೆ, ಇನ್ನೊಂದಡಿ ನೀರು ನಿಲ್ಲಲಿ ಅಂತ ಕೋಡಿ ಮೇಲೆ ಮರಳು ಮೂಟೆ ಜೋಡ್ಸೋದು. ನಮ್ಮೂರಲ್ಲೂ ಒಂದ್ಸಲ ಮಾಡಿದ್ರು, ರಾತ್ರಿ ನೀರು ಏರಿಯ ತಲೆ ಮುಟ್ಟೋಕೆ ಬಂದಾಗ ಅದೇ ಮೂಟೆ ಎಳೆದು ಹಾಕೋಕೆ ಸೊಂಟಕ್ಕೆ ಹಗ್ಗ ಕಟ್ಕೊಂಡು ಹುಡುಗ್ರು ಇಳೀಬೇಕಾಯ್ತು. ಮಣ್ಣಿನ ಏರಿ ಮೇಲೆ ನೀರು ಹತ್ತಿ ಹರಿಯೋಕೆ ಶುರುವಾದ್ರೆ ಆಮೇಲೆ ಕೊಚ್ಕೊಂಡು ಹೋಗೋಕೆ ಜಾಸ್ತಿ ಹೊತ್ತು ಬೇಡ. ಕೋಡೀಗೆ ಅಡ್ಡ ಮೀನಿನ ಬಲೆ ಕಟ್ಟೋರನ್ನೂ ಬಿಡ್ಬೇಡಿ, ಬಲೇಗೆ ಕಸ ಕಡ್ಡಿ ಸಿಕ್ಕಿ ಅದೇ ಗೋಡೆ ಆಗುತ್ತೆ.

ತೂಬಿನ ವಿಷ್ಯದಲ್ಲಿ ಎಲ್ರೂ ಎಡವೋದು. ಕೆರೆ ತುಂಬ್ತಿದ್ದಂಗೆ "ತೂಬು ಎತ್ರೋ" ಅಂತ ಕೂಗಾಡ್ತಾರೆ. ತೂಬು ಇರೋದು ಗದ್ದೆಗೆ ನೀರು ಬಿಡೋಕೆ, ಅದ್ರ ಕಿಂಡಿ ಎಷ್ಟು ದೊಡ್ಡದಿರುತ್ತೆ ಹೇಳಿ, ಹಳ್ಳದಲ್ಲಿ ಬರೋ ನೆರೆ ನೀರಿನ ಮುಂದೆ ಅದು ಏನೂ ಅಲ್ಲ, ಬದಲಿಗೆ ಕೆಳಗಿನ ಅಚ್ಚುಕಟ್ಟಲ್ಲಿ (ಕೆರೆ ನೀರು ಹಾಯೋ ಜಮೀನಲ್ಲಿ) ನಿಂತಿರೋ ಭತ್ತ ಮುಳುಗುತ್ತೆ ಅಷ್ಟೆ. ಇಳಿಸ್ಬೇಕು ಅಂತಿದ್ರೆ ಮಳೆ ಮುನ್ಸೂಚನೆ ಬಂದಾಗ್ಲೇ ಕೆಲವು ದಿನ ಮುಂಚೆ, ಕೆಳಗಿನ ರೈತರಿಗೆ ಹೇಳಿ, ಸ್ವಲ್ಪ ಸ್ವಲ್ಪ ಬಿಡಿ. ನೆನೆದ ಏರಿಯಿಂದ ನೀರು ಗಬಕ್ಕಂತ ಇಳಿದ್ರೂ ಒಳಬದಿ ಮಣ್ಣು ಕಲ್ಲಿನ ಸಮೇತ ಜಾರುತ್ತೆ.

ಈಗ ನಿಜವಾದ ಕಾವಲು. ಕೋಡಿ ಹೋಗೋಕೆ ಶುರುವಾದ್ಮೇಲೆ ಇಬ್ಬಿಬ್ರು ಸೇರಿ ಪಾಳಿ ಹಾಕ್ಕೊಳ್ಳಿ, ಗಂಟೆಗೊಂದ್ಸಲ ಏರಿ ಮೇಲಲ್ಲ, ಏರಿ ಹಿಂದೆ ಕೆಳಗಡೆ ಬುಡದಲ್ಲಿ ನಡೀರಿ. ತೂಬಿನ ಅಕ್ಕಪಕ್ಕ, ಹಳೇ ಮರದ ಬೇರು ಇರೋ ಕಡೆ, ಹೆಗ್ಗಣ ಏಡಿ ಬಿಲ ಇರೋ ಕಡೆ ಜಾಸ್ತಿ ನಿಂತು ನೋಡಿ. ನೀರು ಜಿನುಗೋದು ಕಂಡ ತಕ್ಷಣ ಗಾಬರಿ ಬೇಡ, ಒಂದು ಬಾಟ್ಲಿಲಿ ಹಿಡಿದು ಬೆಳಕಿಗೆ ಹಿಡಿಯಿರಿ. ತಿಳಿಯಾಗಿದ್ರೆ ಒಂದು ಗೂಟ ಹೊಡೆದು ಗುರುತು ಮಾಡಿ, ಮುಂದಿನ ಸುತ್ತಲ್ಲಿ ಜಾಸ್ತಿ ಆಗಿದ್ಯಾ ನೋಡಿ. ಕೆಮ್ಮಣ್ಣು ಬಣ್ಣ ಬಂದಿದೆ ಅಂದ್ರೆ ಮಾತ್ರ ಒಳಗಿಂದ ಏರಿ ಮಣ್ಣೇ ಕರಗಿ ಬರ್ತಿದೆ ಅಂತ, ಆಗ ಒಂದು ನಿಮಿಷಾನೂ ಕಾಯ್ಬೇಡಿ.

ಆ ತೂತಿಗೆ ಹೊರಗಿಂದ ಬಟ್ಟೆ, ಕಲ್ಲು ತುರುಕಿ ಬಿರಡೆ ಹಾಕ್ಬಾರ್ದು, ನೀರು ಪಕ್ಕದಲ್ಲಿ ಇನ್ನೊಂದು ದಾರಿ ಮಾಡ್ಕೊಳ್ಳುತ್ತೆ. ಗೊಬ್ಬರದ ಖಾಲಿ ಚೀಲಕ್ಕೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮರಳು ತುಂಬಿ (ಪೂರ್ತಿ ತುಂಬಿದ್ರೆ ಚೀಲ ಉರುಳುತ್ತೆ, ಒಂದರ ಮೇಲೊಂದು ಕೂರಲ್ಲ) ತೂತಿನ ಸುತ್ತ ಬಾವಿ ಕಟ್ಟೆ ತರ ಗುಂಡಗೆ ಜೋಡಿಸ್ತಾ ಎತ್ತರ ಮಾಡಿ, ಒಳಗೆ ಮೊದಲು ದಪ್ಪ ಮರಳು, ಅದ್ರ ಮೇಲೆ ಜಲ್ಲಿ ಹಾಕಿ. ಒಳಗೆ ನೀರು ನಿಂತು ಹೊರಗೆ ಬರೋ ರಭಸ ಕಮ್ಮಿ ಆಗುತ್ತೆ, ಮಣ್ಣು ನಿಂತು ತಿಳಿನೀರು ಮಾತ್ರ ಬರೋಕೆ ಶುರುವಾದ್ರೆ ಕೆಲಸ ಆದಂಗೆ. ಏರಿ ತಲೆ ತಗ್ಗಾಗಿರೋ ಕಡೆ, ಅಂದ್ರೆ ಟ್ರಾಕ್ಟರ್, ದನ ದಾಟಿ ದಾಟಿ ಸವೆದಿರೋ ಜಾಗಕ್ಕೂ ಮೂಟೆ ಇಟ್ಕೊಂಡಿರಿ. ಚೀಲ, ಮರಳು, ಸನಿಕೆ, ಹಗ್ಗ, ಜೆಸಿಬಿ ಅವರ ನಂಬರ್ ಇವೆಲ್ಲ ಮಳೆಗೆ ಮುಂಚೇನೇ ರೆಡಿ ಇರ್ಬೇಕು, ನೆನೆದ ಏರಿ ಮೇಲೆ ಮಾತ್ರ ಜೆಸಿಬಿ ಹತ್ತಿಸ್ಬೇಡಿ.

ಕರೆಂಟ್ ವಿಷ್ಯ ಚಿಕ್ಕದಾಗಿ. ಕೆರೆ ಅಂಗಳದಲ್ಲಿರೋ ಪಂಪ್‌ಸೆಟ್ ಸ್ಟಾರ್ಟರ್ ಪೆಟ್ಟಿಗೆ ಮುಳುಗೋ ಮುಂಚೆ ಲೈನ್‌ಮನ್‌ಗೆ ಹೇಳಿ ಲೈನ್ ಆಫ್ ಮಾಡ್ಸಿ, ಬೆಸ್ಕಾಂ ಆದ್ರೆ 1912. ಮುಳುಗಿದ ಮೇಲೆ ಯಾರೂ ಹತ್ರ ಹೋಗ್ಬೇಡಿ, ಮೋಟರ್ ಹೋದ್ರೆ ಹೋಗ್ಲಿ.

ಏರಿ ಬಿರುಕು ಬಿಟ್ಟಿದೆ, ಕೆಂಪು ನೀರು ನಿಲ್ತಾನೇ ಇಲ್ಲ ಅಂದ್ರೆ ಪಂಚಾಯ್ತಿಗೂ ತಹಶೀಲ್ದಾರ್‌ಗೂ ಹೇಳಿ, ಜಿಲ್ಲಾ ಕಂಟ್ರೋಲ್ ರೂಮ್ 1077 ಅಥವಾ 112ಕ್ಕೆ ಮಾಡಿ. ಅದಕ್ಕಿಂತ ಮುಂಚೆ ಕೆಳಗಿನ ಊರಿಗೆ ಫೋನ್ ಹೋಗ್ಬೇಕು, ಯಾಕಂದ್ರೆ ನಮ್ಮ ಕಡೆ ಕೆರೆಗಳು ಸರಪಳಿ, ಮೇಲಿನದು ಒಡೆದ್ರೆ ಆ ನೀರು ಸೀದಾ ಕೆಳಗಿನ ಕೆರೆಗೆ ನುಗ್ಗುತ್ತೆ. ನೀರು ತಗ್ಗಿಸೋಕೆ ಕಡಿಯೋದೇ ಆದ್ರೆ ಎಲ್ಲಿ, ಎಷ್ಟು ಅಂತ ಇಲಾಖೆ ಇಂಜಿನಿಯರ್ ಹೇಳ್ಬೇಕು, ನೀವೇ ಗುದ್ದಲಿ ತಗೊಂಡು ಏರಿ ಮೇಲೆ ಕೈ ಇಡ್ಬೇಡಿ.

ಕೋಡಿ ನಿಂತ ವಾರದಲ್ಲೇ, ಗೂಟ ಹೊಡೆದ ಜಾಗಗಳ ಫೋಟೋ ತೆಗೆದು ಅರ್ಜಿ ಕೊಡಿ. ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಕಮ್ಮಿ ಇದ್ರೆ ಪಂಚಾಯ್ತಿ ಕಡೆ, ಜಾಸ್ತಿ ಇದ್ರೆ ಸಣ್ಣ ನೀರಾವರಿ ಇಲಾಖೆಗೆ. ಬೇಸಿಗೆಗೆ ಕೊಡೋಣ ಅಂದ್ಕೊಂಡ್ರೆ ಅಷ್ಟೊತ್ತಿಗೆ ಗೂಟಾನ ಯಾರೋ ಒಲೆಗೆ ಹಾಕಿರ್ತಾರೆ.