ಸೈಕಲ್‌ನಲ್ಲಿ ಕಲಾವಿದರ ಸ್ಟುಡಿಯೋ ಸುತ್ತುವವರಿಗೆ

ಮಡಿಕೇರಿ ಕಡೆ ಏರು ಜಾಸ್ತಿ. ಹೊಸಬರು ಕುಶಾಲನಗರದಿಂದ ಶುರು ಮಾಡಿ. ಕಾವೇರಿ ಸೇತುವೆ ದಾಟಿದರೆ ಮೈಸೂರು ಜಿಲ್ಲೆ, ಬೈಲಕುಪ್ಪೆಯ ಟಿಬೆಟನ್ ಶಿಬಿರ ಅಲ್ಲೇ ಹತ್ತಿರ. ಥಂಕಾ (ಬಟ್ಟೆಯ ಮೇಲಿನ ಟಿಬೆಟನ್ ಬೌದ್ಧ ದೇವತೆಗಳ ಚಿತ್ರ) ಬರೆಯುವುದನ್ನು ನೋಡಲು ಸಿಕ್ಕರೆ ಬಿಡಬೇಡಿ. ಹತ್ತಿಬಟ್ಟೆಯನ್ನು ಮರದ ಚೌಕಟ್ಟಿಗೆ ದಾರದಿಂದ ಬಿಗಿದು, ಅಳತೆಯ ಗೆರೆ ಎಳೆದು, ಸಣ್ಣ ಕುಂಚದಲ್ಲಿ ಬಣ್ಣ ತುಂಬುತ್ತಾರೆ. ಕಣ್ಣು ಬರೆಯುವುದು ಕೊನೆಗೆ.

ಎಲ್ಲಿಗೇ ಆದರೂ ಮೊದಲೇ ಫೋನ್ ಮಾಡಿ. ಕೆಲಸದ ಮಧ್ಯೆ ಸುಮ್ನೆ ನುಗ್ಗಿದರೆ ಯಾರಿಗೂ ಇಷ್ಟ ಆಗಲ್ಲ, ಅಲ್ವಾ?

ಬಟ್ಟೆ ಅಥವಾ ಕಾಗದದ ಚಿತ್ರ ಕೊಂಡರೆ ಮಡಚಬೇಡಿ. ಸುರುಳಿ ಸುತ್ತಿ, ಪಿವಿಸಿ ಪೈಪಿನ ತುಂಡಿನೊಳಗೆ ಇಟ್ಟು, ಎರಡೂ ಕಡೆ ಮುಚ್ಚಳ ಹಾಕಿ ಕ್ಯಾರಿಯರ್‌ಗೆ ಕಟ್ಟಿ. ದಪ್ಪ ಬಣ್ಣದ ಆಯಿಲ್ ಪೇಂಟಿಂಗ್ ಸುತ್ತಿದರೆ ಬಿರುಕು ಬಿಡುತ್ತದೆ, ಅದನ್ನು ಆಮೇಲೆ ಕಾರಿನಲ್ಲಿ ತನ್ನಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಜೋರು, ನವೆಂಬರ್ ಮೇಲೆ ಹೊರಡಿ.